ಎಡಗಡೆ ಸ್ವಲ್ಪ ಉದ್ದ

ನನ್ನ ತಮ್ಮನ ಕೈಯಲ್ಲಿ ಕೂದಲು ಕತ್ತರಿಸಿಕೊಳ್ಳಲು ಬಂದ ಮದುಮಗನೊಬ್ಬ ಬೋಳುತಲೆಯಲ್ಲಿ ಮದುವೆಗೆ ಹೋದ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಇದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಕಿವಿಯ ಹತ್ತಿರ ಒಂದಿಷ್ಟು ತೆಗೆದರೆ ಸಾಕು ಎಂದು ಕುರ್ಚಿಯಲ್ಲಿ ಕೂತವನು ಅವನು. ತಮ್ಮ ಬಲಗಡೆ ತೆಗೆದ, ಎಡಗಡೆ ತೆಗೆದ, ಕನ್ನಡಿಯಲ್ಲಿ ನೋಡಿದ. ಎಡಗಡೆ ಕೂದಲೆಳೆಯಷ್ಟು ಉದ್ದವಿದೆ ಅನ್ನಿಸಿತು. ಅದನ್ನು ತೆಗೆದ. ಈಗ ಬಲಗಡೆ ಉದ್ದ ಕಂಡಿತು. ಬೆಣ್ಣೆ ಹಂಚಲು ಕೂತ ಕೋತಿಯ ಕಥೆ ಕೇಳಿದ್ದೀರಲ್ಲ, ಹಾಗೆಯೇ. ಆ ಕೋತಿಗಾದರೂ ಬೆಣ್ಣೆ ಹೊಟ್ಟೆಗೆ ಹೋಯಿತು. ನನ್ನ ತಮ್ಮನಿಗೆ ಸಿಕ್ಕಿದ್ದು ಬೆವರು ಮಾತ್ರ. ಕತ್ತರಿ ಕೆಳಗಿಡಬೇಕು ಎಂದು ಅವನಿಗೆ ಗೊತ್ತಿತ್ತು, ಇಡಲು ಆಗುತ್ತಿರಲಿಲ್ಲ. ಕೊನೆಗೆ ಸಮ ಮಾಡಲು ತಲೆಯ ಮೇಲೆ ಏನೂ ಉಳಿಯಲಿಲ್ಲ.

ಮಾರನೆಯ ದಿನ ಮದುಮಗನ ತಾಯಿ ಬಂದು ಬೀದಿಯೆಲ್ಲ ಸೇರುವ ಹಾಗೆ ಕೂಗಾಡಿದರು. ನನ್ನ ಬಾಯಿಯೂ ಸಣ್ಣದಲ್ಲ. ಬೋಳಾದ ಮೇಲೂ ಹುಡುಗಿ ಬೇಡ ಅನ್ನಲಿಲ್ಲವಲ್ಲ, ಅಂಥ ಸೊಸೆ ಸಿಕ್ಕಿದ್ದಕ್ಕೆ ಖುಷಿಪಡಿ ಎಂದು ಹೇಳಿ ಕಳಿಸಿದೆ. ಕಳಿಸಿದ ಮೇಲೆ ಒಳಗೆ ಹೋಗಿ ಒಗೆದ ಟವೆಲ್ಲುಗಳ ರಾಶಿಗೆ ಮುಖವಿಟ್ಟು ಅತ್ತೆ.

ನಮ್ಮದು ಅಪ್ಪ ಕಟ್ಟಿದ ಸಲೂನು. ಒಂದು ಕಡೆ ಚಪ್ಪಲಿ ಹೊಲಿಯುವವನ ಅಂಗಡಿ, ಇನ್ನೊಂದು ಕಡೆ ಔಷಧಿ ಅಂಗಡಿ, ನಡುವೆ ನಾವು. ಹೆಂಗಸರು, ಮಕ್ಕಳು ನನ್ನ ಕುರ್ಚಿಗೆ, ಗಂಡಸರು ತಮ್ಮನ ಕುರ್ಚಿಗೆ. ಮನೆಯಲ್ಲಿ ಅವನನ್ನು ಪುಟ್ಟು ಎಂದು ಕರೆಯುತ್ತೇವೆ, ಮೀಸೆ ಬಂದು ಅದರಲ್ಲಿ ಬಿಳಿ ಇಣುಕಿದರೂ ಪುಟ್ಟುವೇ. ಅಪ್ಪ ನಮ್ಮಿಬ್ಬರಿಗೂ ಒಟ್ಟಿಗೆ ಕೆಲಸ ಕಲಿಸಿದರು. ನನಗೆ ಬಂದದ್ದು ಕಸುಬು, ಪುಟ್ಟುವಿಗೆ ಬಂದದ್ದು ಕೈಗುಣ. ಅವನ ಕತ್ತರಿ ಕೂದಲಿಗೆ ನೋವಾಗದ ಹಾಗೆ ಹೋಗುತ್ತಿತ್ತು. ಅವನ ಕುರ್ಚಿಯಲ್ಲಿ ಕೂತವರು ಅಲ್ಲೇ ತೂಕಡಿಸಿಬಿಡುತ್ತಿದ್ದರು. ಎರಡೂ ಕಡೆ ಅಳತೆಪಟ್ಟಿ ಇಟ್ಟ ಹಾಗೆ ಸಮ ಮಾಡುತ್ತಾನೆ ಎಂದು ಗಿರಾಕಿಗಳು ಅವನಿಗೆ ಸರಿಸಮ ಎಂದು ಹೆಸರಿಟ್ಟು, ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಏಣಿ ಯಾವಾಗ ಜಾರಿತೋ ಯಾರೂ ನೋಡಲಿಲ್ಲ.

ಮೊದಲು ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಹೆಚ್ಚಾಯಿತು. ಆಮೇಲೆ ಗಿರಾಕಿ ಎದ್ದು ಹೋದರೂ ಇವನು ಹಿಂದೆ ಓಡಿಹೋಗಿ, ಬೀದಿಯ ನಡುವೆ ನಿಲ್ಲಿಸಿ, ಕಿವಿಯ ಹಿಂದೆ ಒಂದು ಸಲ ನೋಡಲೇ ಎಂದು ಬೇಡುತ್ತಿದ್ದ. ಬಸ್ಸು ಹತ್ತಿದವರನ್ನೂ ಬಿಡಲಿಲ್ಲ. ಮದುಮಗನ ಪ್ರಸಂಗವಾದ ಮೇಲೆ ತಾನಾಗಿಯೇ ಕತ್ತರಿ ಬಿಟ್ಟ. ರೋಗ ಅಷ್ಟಕ್ಕೆ ಅವನನ್ನು ಬಿಡಬೇಕಲ್ಲ. ಹಿಂದಿನ ಕೋಣೆಯಲ್ಲಿ ಕೂತು ಟವೆಲ್ಲಿನ ಅಂಚುಗಳನ್ನು ಜೋಡಿಸುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಜೋಡಿಸುತ್ತಿದ್ದ. ಎಡಗೈ ಮೇಜಿಗೆ ತಾಗಿದರೆ ಬಲಗೈಯನ್ನೂ ಅಷ್ಟೇ ಜೋರಾಗಿ ತಾಗಿಸಬೇಕು. ಬ್ರೆಡ್ಡನ್ನು ಎರಡು ಸಮಪಾಲು ಮಾಡುವಷ್ಟರಲ್ಲಿ ಚಹಾ ಆರಿ ನೀರಾಗುತ್ತಿತ್ತು, ಬ್ರೆಡ್ಡು ಪುಡಿಯಾಗುತ್ತಿತ್ತು, ಅವನು ಹಸಿದುಕೊಂಡೇ ಏಳುತ್ತಿದ್ದ. ಇದೆಲ್ಲ ಹುಚ್ಚಾಟ ಎಂದು ಅವನಿಗೇ ಗೊತ್ತಿತ್ತು, ನೋಡಿ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಗೊತ್ತಿಲ್ಲದವನಿಗೆ ಬುದ್ಧಿ ಹೇಳಬಹುದು. ಎಲ್ಲ ಗೊತ್ತಿದ್ದೂ ಕೈ ಕಟ್ಟಿಸಿಕೊಂಡವನಿಗೆ ಏನು ಹೇಳುವುದು?

ಮನಸ್ಸಿನ ಡಾಕ್ಟರಮ್ಮ ಒಬ್ಬರು ಸಿಕ್ಕಿದರು. ಗಟ್ಟಿಗಿತ್ತಿ, ಮಾತು ಕಡಿಮೆ. ಇದು ಗೀಳು ಕಾಯಿಲೆ, ಸೋಮಾರಿತನವೂ ಅಲ್ಲ, ಹಟವೂ ಅಲ್ಲ ಎಂದು ಮೊದಲು ನನಗೆ ತಿಳಿಸಿಕೊಟ್ಟರು. ಮಾತ್ರೆ ಕೊಟ್ಟರು, ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಎದುರಿಗೆ ಓರೆಯಾದ ವಸ್ತು ಇಟ್ಟು, ಸರಿಪಡಿಸದೆ ಕೂರುವ ಅಭ್ಯಾಸ ಮಾಡಿಸಿದರು. ಪುಟ್ಟು ವರ್ಷಗಟ್ಟಲೆ ಪಾಲಿಸಿದ, ಒಂದು ದಿನವೂ ತಪ್ಪಿಸಲಿಲ್ಲ. ಎಷ್ಟೋ ಜನರಿಗೆ ಇದರಿಂದಲೇ ಗುಣವಾಗುತ್ತದಂತೆ. ನಮ್ಮವನಿಗೆ ಮಾತ್ರ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಒಂದು ದಿನ ಡಾಕ್ಟರಮ್ಮ, ಮಿದುಳಿಗೆ ಒಂದು ಶಸ್ತ್ರಚಿಕಿತ್ಸೆ ಇದೆ, ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಮಾತ್ರ ಮಾಡುವುದು ಎಂದರು. ತಲೆಬುರುಡೆಯಲ್ಲಿ ಎರಡು ಸಣ್ಣ ತೂತು, ಒಳಗೆ ಎರಡು ತೆಳು ತಂತಿ, ಭುಜದ ಕೆಳಗೆ ಚರ್ಮದೊಳಗೆ ಒಂದು ಬ್ಯಾಟರಿ. ತಂತಿಯ ತುದಿಯಿಂದ ಸಣ್ಣಗೆ ಕರೆಂಟು ಹರಿದು, ಒಂದೇ ಜಾಗದಲ್ಲಿ ಸುತ್ತುತ್ತಿರುವ ಯೋಚನೆಯನ್ನು ಸಡಿಲ ಮಾಡುತ್ತದೆ. ಎಲ್ಲರಿಗೂ ಫಲ ಕೊಡುತ್ತದೆ ಎಂದು ಹೇಳಲಾರೆ ಅಂದರು. ಆಪರೇಷನ್ ಹೊತ್ತಿನಲ್ಲಿ ಇವನು ಎಚ್ಚರವಾಗಿಯೇ ಇರಬೇಕು, ಮಾತಾಡುತ್ತಿರಬೇಕು ಅಂದಾಗ ಮಾತ್ರ ನನ್ನ ಜೀವ ಬಾಯಿಗೆ ಬಂತು.

ಪುಟ್ಟು ಹೆದರಿದ್ದು ತೂತಿಗಲ್ಲ. ಮನೆಗೆ ಬರುವ ದಾರಿಯಲ್ಲಿ ಅವನು ಕೇಳಿದ್ದು ಒಂದೇ ಮಾತು.

"ಅಕ್ಕ, ತಲೆಯೊಳಗಿನ ಈ ಗೀಳಿನ ಹುಳಾನ ತೆಗೆದ್ರೆ ಅದರ ಜೊತೆ ನನ್ನ ಕೈನೂ ಹೋಗ್ಬಿಟ್ರೆ? ನನ್ನ ಕೆಲಸ ಚೆನ್ನಾಗಿದ್ದದ್ದೇ ಈ ಹುಳದಿಂದ ಇರ್ಬಹುದಲ್ಲ."

ಹುಚ್ಚಪ್ಪ, ಸುಮ್ಮನಿರು ಎಂದೆ. ಆದರೆ ಆ ಮಾತು ನನ್ನ ಎದೆಯಲ್ಲಿ ನಾಟಿ ಕೂತಿತು. ಕತ್ತರಿ ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಬೇರೆ ಏನಿದೆ? ಮದುವೆಯಾಗಲಿಲ್ಲ, ಸ್ನೇಹಿತರು ಉಳಿಯಲಿಲ್ಲ. ರೋಗ ಹೋಗಿ ಕೈಯೂ ಹೋದರೆ, ನೆಮ್ಮದಿಯಾಗಿ ಕೂತು ಗೋಡೆ ನೋಡುವ ತಮ್ಮನನ್ನು ಕಟ್ಟಿಕೊಂಡು ನಾನೇನು ಮಾಡಲಿ? ಡಾಕ್ಟರಮ್ಮನನ್ನು ಕೇಳಿದೆ. ಕಸುಬು ಹೋಗುವುದಿಲ್ಲ ಎಂದೇ ನಂಬಿದ್ದೇನೆ, ಆದರೆ ಅವನು ಕತ್ತರಿ ಹಿಡಿದು ತೋರಿಸುವ ತನಕ ಖಂಡಿತವಾಗಿ ಹೇಳಲಾರೆ ಎಂದರು. ಅವರು ಸುಳ್ಳು ಹೇಳುವವರಲ್ಲ, ಅದೇ ಅವರ ಮೇಲೆ ನನಗಿದ್ದ ದೊಡ್ಡ ದೂರು.

ಆಸ್ಪತ್ರೆಗೆ ಸೇರಿದ ದಿನ ನರ್ಸಮ್ಮ ಕೂದಲು ತೆಗೆಯುವ ಮಿಷನ್ನು ಹಿಡಿದು ಬಂದರು. ತೂತು ಮಾಡುವ ಜಾಗದಲ್ಲಿ ಮಾತ್ರ ತೆಗೆದರೆ ಸಾಕಂತೆ. ನಮ್ಮ ಮನೆಯವರ ತಲೆಗೆ ಇವತ್ತಿನವರೆಗೂ ಹೊರಗಿನ ಕೈ ಬಿದ್ದಿಲ್ಲ, ನಾನಿರುವಾಗ ಬೀಳುವುದೂ ಇಲ್ಲ ಎಂದೆ. ಇದು ಆಸ್ಪತ್ರೆ, ಸಲೂನಲ್ಲ ಎಂದರು ಅವರು. ಅದು ನಿಮ್ಮ ಕೈ ನೋಡಿದರೇ ಗೊತ್ತಾಗುತ್ತದೆ ಎಂದೆ ನಾನು. ಕೊನೆಗೆ ಆ ತಾಯಿ ನಗುತ್ತಾ ಮಿಷನ್ನು ನನ್ನ ಕೈಗಿಟ್ಟು, ಪಕ್ಕದಲ್ಲೇ ನಿಂತು ಕಾವಲು ಕಾದರು. ಅಲ್ಲಲ್ಲಿ ತೆಗೆದರೆ ಪುಟ್ಟು ಸಮವಿಲ್ಲ ಎಂದು ಒದ್ದಾಡುತ್ತಾನೆಂದು ಪೂರ್ತಿ ತೆಗೆದುಬಿಟ್ಟೆ. ಅವನು ಕನ್ನಡಿ ಕೇಳಿದ. ಬಹಳ ಹೊತ್ತು ನೋಡಿ, ಇದೊಂದು ಸರಿಯಾಗಿದೆ, ಮೊದಲೇ ಹೊಳೆದಿದ್ದರೆ ಎಲ್ಲ ಗಿರಾಕಿಗಳಿಗೂ ಇದನ್ನೇ ಮಾಡಬಹುದಿತ್ತು ಎಂದ. ಅವನ ಬಾಯಲ್ಲಿ ತಮಾಷೆ ಕೇಳಿ ಎಷ್ಟು ಕಾಲವಾಗಿತ್ತೋ, ನನ್ನ ಕಣ್ಣು ತುಂಬಿತು.

ಆ ಖುಷಿ ಸಂಜೆಯವರೆಗೂ ಬಾಳಲಿಲ್ಲ. ಮಿದುಳಿನ ಸರ್ಜನ್ನರು ಬಂದು, ತೂತು ಎಲ್ಲೆಲ್ಲಿ ಎಂದು ಕಂಪ್ಯೂಟರಿನ ಚಿತ್ರದಲ್ಲಿ ತೋರಿಸಿದರು. ಪುಟ್ಟುವಿನ ಕಣ್ಣು ತಕ್ಕಡಿಗಿಂತ ಮೇಲು. ಎಡದ ಗುರುತು ಬಲದ್ದಕ್ಕಿಂತ ಒಂದಿಷ್ಟು ಹಿಂದಿದೆ ಎಂದು ಥಟ್ಟನೆ ಹಿಡಿದ. ಹೌದು, ಅಲ್ಲೊಂದು ರಕ್ತನಾಳವಿದೆ, ಅದನ್ನು ತಪ್ಪಿಸಿಯೇ ಹೋಗಬೇಕು, ಸರಿಸಲು ಆಗುವುದಿಲ್ಲ ಎಂದರು ಅವರು. ಪುಟ್ಟು ಹಾಸಿಗೆಯಿಂದ ಇಳಿದು ಚಪ್ಪಲಿ ಹುಡುಕತೊಡಗಿದ. ಸಮವಿಲ್ಲದ ಎರಡು ತೂತನ್ನು ತಲೆಯಲ್ಲಿ ಹೊತ್ತುಕೊಂಡು ಬದುಕಿರುವ ತನಕ ಇರಬೇಕೇ, ನನ್ನ ಕೈಲಾಗದು ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಸರ್ಜನ್ನರು ಕೈ ಅಡ್ಡ ಹಿಡಿದರು. ಇದು ಅವನ ತಲೆ, ಅವನು ಒಪ್ಪಿದರೆ ಮಾತ್ರ, ನೀವು ಹೇಳಿ ಒಪ್ಪಿಸುವ ಹಾಗಿಲ್ಲ ಎಂದರು. ನನ್ನ ಬಾಯಿ ಮುಚ್ಚಿಸಿದವರು ಲೋಕದಲ್ಲಿ ಕಡಿಮೆ. ಆವತ್ತು ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತೆ. ಪುಟ್ಟು ಬಾಗಿಲವರೆಗೆ ಹೋದ, ವಾಪಸ್ಸು ಬಂದ, ಮತ್ತೆ ಹೋದ. ಎರಡು ಕೈಯಿಂದಲೂ ತನ್ನ ಬೋಳುತಲೆಯನ್ನು ಹಿಡಿದುಕೊಂಡು ಹಾಸಿಗೆಯ ತುದಿಯಲ್ಲಿ ಕೂತ.

"ಸಮ ಇಲ್ದೆ ಇದ್ರೂ ಮಾಡಿ ಡಾಕ್ಟ್ರೇ," ಅಂದ. "ನಾಳೆ ಬೆಳಿಗ್ಗೆವರೆಗೂ ನಾನು ಬೇಡ ಅಂತಾನೇ ಬಡ್ಕೋತಿರ್ತೀನಿ. ಅದು ಹುಳದ ಮಾತು. ಈಗ ಹೇಳಿದ್ದು ನನ್ನದು."

ಬೆಳಿಗ್ಗೆ ಇನ್ನೊಂದು ಸಲ ಕೇಳಿಯೇ ಒಳಗೆ ಕರೆದುಕೊಳ್ಳುವುದು ಎಂದರು ಸರ್ಜನ್ನರು. ಜನ ಗುಣವಾದ ಮೇಲೆ ಧೈರ್ಯ ತೋರಿಸುತ್ತಾರೆ. ನನ್ನ ತಮ್ಮ ಕಾಯಿಲೆ ಕುತ್ತಿಗೆ ಹಿಡಿದಿರುವಾಗಲೇ ತೋರಿಸಿದ. ಅವನ ಅಕ್ಕ ಎಂದು ನನಗೆ ಆವತ್ತು ಆದ ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಇನ್ನು ನಮ್ಮ ಯಜಮಾನರ ಮೀಸೆಯ ವಿಷಯ ಹೇಳಬೇಕು. ನಮ್ಮವರು ಅಂಚೆ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂರುವವರು. ಆಡುವುದು ನಾಲ್ಕು ಮಾತು, ಅದರಲ್ಲಿ ಎರಡು ನಾನು ಆಡಬೇಕು. ದೇವರು ಮಾತು ಕೊಡದಿದ್ದರೂ ಮೀಸೆ ಕೊಟ್ಟಿದ್ದ. ದಪ್ಪ, ಕಪ್ಪು, ಎರಡೂ ತುದಿ ಮೇಲಕ್ಕೆ ತಿರುಗಿದ ಮೀಸೆ. ಕಚೇರಿಗೆ ಬಂದ ಮಕ್ಕಳು ಅದನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಅದನ್ನು ತಿದ್ದುವ ಅಧಿಕಾರ ಒಂದು ಕಾಲದಲ್ಲಿ ಪುಟ್ಟುವಿಗೆ ಮಾತ್ರ ಇತ್ತು, ನನಗೂ ಇರಲಿಲ್ಲ.

ಆಪರೇಷನ್ ನಡುವೆ ತಂತಿಯ ಯಾವ ತುದಿಯಲ್ಲಿ ಕರೆಂಟು ಬಿಟ್ಟರೆ ಗುಣ ಕಾಣುತ್ತದೆ ಎಂದು ಪರೀಕ್ಷೆ ಮಾಡುತ್ತಾರಂತೆ. ಅದಕ್ಕೆ, ರೋಗಿಯನ್ನು ಅತಿ ಹೆಚ್ಚು ಕಾಡುವ ವಸ್ತುವೊಂದನ್ನು ಕಣ್ಣ ಮುಂದೆ ಇಡಬೇಕು. ಕೊಳೆಗೆ ಹೆದರುವವರಿಗೆ ಕೊಳೆಬಟ್ಟೆ, ಬೀಗ ಬೀಗ ಎಂದು ಒದ್ದಾಡುವವರಿಗೆ ಬೀಗ. ನಿಮ್ಮ ತಮ್ಮನಿಗೆ ಏನು ತರುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಓರೆಯಾಗಿ ಕತ್ತರಿಸಿದ ತಲೆಯ ಫೋಟೋ ಸಾಕೇ ಎಂದರು. ಫೋಟೋ ಯಾವ ಮೂಲೆಗೆ? ಕಾಗದದ ತಲೆಗೆ ಅವನು ಹೆದರುವುದಿಲ್ಲ. ಜೀವಂತ ಮನುಷ್ಯನೇ ಬೇಕು, ಅದೂ ತನ್ನವನೇ ಆಗಬೇಕು. ನಾನು ತಿರುಗಿ ನೋಡಿದೆ. ನಮ್ಮವರಿಗೆ ನಾನು ಬಾಯಿ ಬಿಡುವ ಮೊದಲೇ ಅರ್ಥವಾಯಿತು. ಮೀಸೆಯ ಮೇಲೆ ಒಂದು ಸಲ ಕೈಯಾಡಿಸಿಕೊಂಡು, "ಹೂಂ, ಮಾಡು," ಅಂದರು. ಈ ಮನುಷ್ಯನನ್ನು ಮದುವೆಯಾಗಿದ್ದು ನಾನು ಮಾಡಿದ ಬುದ್ಧಿವಂತ ಕೆಲಸಗಳಲ್ಲಿ ಮೊದಲನೆಯದು.

ಆಪರೇಷನ್ ದಿನ ಬೆಳಿಗ್ಗೆ ಮನೆಯ ಅಂಗಳದಲ್ಲಿ ಅವರನ್ನು ಕೂರಿಸಿಕೊಂಡೆ. ಅರ್ಧ ಮೀಸೆ ಬೋಳಿಸಿದರೆ ಕೆಲಸವಾಗದು, ಅದು ಯಾರ ಕಣ್ಣಿಗಾದರೂ ಹುಡುಗಾಟ ಎಂದು ಕಾಣುತ್ತದೆ. ಪುಟ್ಟುವಿನ ನಿದ್ದೆ ಕೆಡಿಸುವುದು ಅಕ್ಕಿಕಾಳಿನಷ್ಟು ವ್ಯತ್ಯಾಸ. ಬಲದ ತುದಿಯನ್ನು ಅಷ್ಟು ಮಾತ್ರ ತೆಗೆದೆ, ಹಿಂದೆ ಸರಿದು ನೋಡಿದೆ. ನೋಡುತ್ತಿದ್ದ ಹಾಗೆ ಕೈ ತಾನಾಗಿಯೇ ಹೋಗಿ ಎಡದ ತುದಿಯನ್ನೂ ತೆಗೆದು ಸಮ ಮಾಡಿಬಿಟ್ಟಿತು. ಅಪ್ಪ ಕಲಿಸಿದ ಕೈ, ಕೆಟ್ಟ ಕೆಲಸ ಮಾಡು ಎಂದರೆ ಕೇಳುತ್ತದೆಯೇ? ನನ್ನನ್ನೇ ಬೈದುಕೊಂಡು ಮತ್ತೆ ಬಲಗಡೆ ತೆಗೆದೆ. ಹಲ್ಲು ಕಚ್ಚಿ ಹಿಡಿದರೂ ಕತ್ತರಿ ಮತ್ತೆ ಎಡಕ್ಕೆ ಹೋಯಿತು. ಹೀಗೆ ಅತ್ತ ಇತ್ತ ಓಡಾಡಿ ಮೀಸೆ ಮೂಗಿನ ಕೆಳಗೆ ಬಂದು ಮುದುಡಿ ಕೂತಿತು. ನಮ್ಮವರು ಕಣ್ಣು ಮುಚ್ಚಿಕೊಂಡೇ, "ಸಾಕು ಕಣೇ, ಮುಗೀತಾ ಬಂತು," ಎಂದು ಮೆಲ್ಲಗೆ ಹೇಳಿದಾಗ ನಾನು ಬೆಚ್ಚಿ ಕತ್ತರಿ ನೆಲಕ್ಕೆ ಹಾಕಿದೆ. ಅದೃಷ್ಟಕ್ಕೆ ಆ ಹೊತ್ತಿಗೆ ಎಡಗಡೆ ಅಕ್ಕಿಕಾಳಿನಷ್ಟು ಉದ್ದ ಉಳಿದಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಮ್ಮವರು ಬೀಳದೆಯೇ ಮೀಸೆ ಕಳೆದುಕೊಂಡು, ಬಸ್ಸಿನಲ್ಲಿ ತಲೆಯೆತ್ತಿ ಕೂತು ಆಸ್ಪತ್ರೆಗೆ ಬಂದರು.

ಸರ್ಜನ್ನರು ಇನ್ನೊಂದು ಸಲ ಕೇಳಿದಾಗಲೂ ಪುಟ್ಟು ಮಾಡಿ ಎಂದೇ ಹೇಳಿದನಂತೆ. ಆಪರೇಷನ್ ಕೋಣೆಯೊಳಗೆ ಎಲ್ಲರ ಮೂಗು ಬಾಯಿಗೂ ಮಾಸ್ಕು ಕಡ್ಡಾಯ. ಮೀಸೆ ಮುಚ್ಚಿದರೆ ಹೋದ ಕೆಲಸವೇ ಕೆಟ್ಟಿತು. ಅದಕ್ಕಾಗಿ ನಮ್ಮಿಬ್ಬರನ್ನೂ ಪಕ್ಕದ ಕೋಣೆಯಲ್ಲಿ, ದಪ್ಪ ಗಾಜಿನ ಹಿಂದೆ ನಿಲ್ಲಿಸಿದರು. ಒಳಗಿನ ಮಾತು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಪುಟ್ಟುವಿನ ತಲೆಯನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಿದ್ದರು. ಮುಖ ನಮ್ಮ ಕಡೆಗಿತ್ತು. ತಲೆಯ ಹಿಂದೆ ಹಸಿರು ಪರದೆ, ಅದರಾಚೆ ಸರ್ಜನ್ನರು ಏನು ಮಾಡುತ್ತಿದ್ದರೋ ಕಾಣುತ್ತಿರಲಿಲ್ಲ, ಕಾಣದಿದ್ದದ್ದೇ ಪುಣ್ಯ. ತಂತಿಗಳು ಒಳಗೆ ಹೋಗಿವೆ ಎಂದಾಗ ಡಾಕ್ಟರಮ್ಮ ನಮ್ಮವರಿಗೆ ಸನ್ನೆ ಮಾಡಿದರು. ಮೀಸೆ ಮೊದಲೇ ಕಾಣದಿರಲೆಂದು ಹಾಕಿಕೊಂಡಿದ್ದ ಮಾಸ್ಕು ಇಳಿಸಿ ಇವರು ಗಾಜಿನ ಹತ್ತಿರ ಹೋಗಿ ನಿಂತರು.

ಪುಟ್ಟು ನೋಡಿದ. ಮೊದಲು ಅವನ ಬಾಯಿ ತೆರೆದುಕೊಂಡಿತು, ಭಾವನ ಮೀಸೆ ಎಲ್ಲಿ ಹೋಯಿತು ಎಂದು. ಆಮೇಲೆ ಕಣ್ಣು ಎಡದ ತುದಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಉಸಿರು ಜೋರಾಯಿತು. ಕತ್ತರಿ ಕೊಡಿ, ಒಂದೇ ಒಂದು ಸಲ, ಎಡಗಡೆ ಒಂದೇ ಒಂದು ಸಲ ಎಂದು ಗೋಗರೆಯತೊಡಗಿದ. ಹಾಸಿಗೆಯ ಮೇಲೆ ಅವನ ಬೆರಳುಗಳು ಕತ್ತರಿಸುವ ಹಾಗೆ ಆಡುತ್ತಿದ್ದವು. ಡಾಕ್ಟರಮ್ಮ ಒಂದು ಜಾಗಕ್ಕೆ ಕರೆಂಟು ಬಿಟ್ಟರು, ಏನೂ ಆಗಲಿಲ್ಲ. ಇನ್ನೊಂದಕ್ಕೆ ಬಿಟ್ಟರು, ಮೈ ಬಿಸಿಯಾಗುತ್ತಿದೆ, ಹೆದರಿಕೆಯಾಗುತ್ತಿದೆ ಎಂದ. ತಕ್ಷಣ ನಿಲ್ಲಿಸಿದರು. ನಾನು ಇವರ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಿದ್ದೆ. ಮೀಸೆಯೂ ಹೋಯಿತು, ತೋಳೂ ಹೋಯಿತು, ಆ ಮನುಷ್ಯ ತುಟಿಪಿಟಕ್ಕೆನ್ನಲಿಲ್ಲ.

ಮತ್ತೊಂದು ಜಾಗ. ಪುಟ್ಟುವಿನ ಬೆರಳು ನಿಂತವು. ಬಾಯಿಯ ಬಲತುದಿ ಮಾತ್ರ ಮೆಲ್ಲಗೆ ಮೇಲಕ್ಕೆ ಹೋಯಿತು. ಎಡಗಡೆ ಹಾಗೇ ಇತ್ತು. ಒಂದು ಬದಿಯ ತಂತಿಗೆ ಕರೆಂಟು ಕೊಟ್ಟರೆ ನಗು ಮೊದಲು ಇನ್ನೊಂದು ಬದಿಗೆ ಬರುವುದುಂಟಂತೆ, ಇದು ಅವರು ಆಮೇಲೆ ಹೇಳಿದ್ದು. ಆಗ ನನಗೆ ಕಂಡದ್ದು ಇಷ್ಟೇ. ಜೀವಮಾನವೆಲ್ಲ ಎರಡೂ ಕಡೆ ಸಮ, ಸಮ ಎಂದು ಒದ್ದಾಡಿದವನ ಮುಖದ ಮೇಲೆ ಅರ್ಧ ನಗು ಇತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಎರಡನೆಯ ತಂತಿಗೂ ಬಿಟ್ಟರು. ನಗು ಪೂರ್ತಿಯಾಯಿತು, ಆಮೇಲೆ ಸದ್ದೂ ಸೇರಿತು. ಚೌಕಟ್ಟಿನೊಳಗೆ ತಲೆ ಅಲುಗದೆ, ಹೊಟ್ಟೆ ಕುಲುಕುವ ಹಾಗೆ ನಕ್ಕ.

"ಭಾವ," ಅಂದ, "ನಿಮ್ಮ ಮೂಗಿನ ಕೆಳಗೆ ಕಂಬಳಿಹುಳ ಕೂತಿದೆ. ಅದೂ ಓರೆಯಾಗಿ ಕೂತಿದೆ."

ಸರಿಪಡಿಸಬೇಕು ಅನ್ನಿಸುತ್ತಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ಪುಟ್ಟು ಯೋಚನೆ ಮಾಡಿದ. ಅದರ ಪಾಡಿಗೆ ಅದಿರಲಿ, ಪಾಪ, ಎಲ್ಲಿಗೋ ಹೊರಟಿರಬೇಕು ಎಂದ. ಪರದೆಯ ಹಿಂದಿನಿಂದ ಸರ್ಜನ್ನರೂ ನಕ್ಕರು. ನಮ್ಮವರು ಗಾಜಿಗೆ ಹಣೆ ಹಚ್ಚಿ ಅಳುತ್ತಿದ್ದರು, ನಾನು ಅಳುತ್ತಾ ನಗುತ್ತಿದ್ದೆ. ನೋಡಿದವರು ನಮ್ಮಿಬ್ಬರನ್ನೂ ಆ ಟೇಬಲ್ಲಿಗೆ ಹತ್ತಿಸುತ್ತಿದ್ದರೇನೋ.

ಪರೀಕ್ಷೆ ಮುಗಿಯಿತು ಎಂದು ಕರೆಂಟು ನಿಲ್ಲಿಸಿದರು. ನಗು ಬಂದ ಹಾಗೆಯೇ ಹೋಯಿತು. ಹಳೆಯ ಕಾಯಿಲೆ ಮುಖಕ್ಕೆ ವಾಪಸ್ಸು ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಇವತ್ತು ಕಂಡದ್ದು ಬಾಗಿಲು ಎಲ್ಲಿದೆ ಎಂದು ಮಾತ್ರ, ಒಳಗೆ ಹೋಗಲು ತಿಂಗಳುಗಳೇ ಬೇಕು ಎಂದು ಡಾಕ್ಟರಮ್ಮ ಎಚ್ಚರಿಸಿದರು. ಆಗಲಿ, ಬಾಗಿಲಿದೆ ಎಂದು ಗೊತ್ತಾಯಿತಲ್ಲ ಎಂದುಕೊಂಡೆ.

ಗಾಯ ಮಾಗಿದ ಮೇಲೆ ಬ್ಯಾಟರಿ ಶುರು ಮಾಡಿದರು. ಡಾಕ್ಟರಮ್ಮ ರಿಮೋಟಿನಂಥದ್ದೊಂದನ್ನು ಹಿಡಿದು, ರೇಡಿಯೋ ತಿರುಗಿಸುವವರ ಹಾಗೆ ಒಂದೊಂದು ಭೇಟಿಯಲ್ಲಿ ಒಂದಿಷ್ಟು ಏರಿಸುತ್ತಿದ್ದರು. ಒಂದು ಸಲ ಸ್ವಲ್ಪ ಹೆಚ್ಚಾಯಿತು. ಅಯ್ಯಯ್ಯೋ, ಆ ವಾರ ಕೇಳಬೇಡಿ. ಪುಟ್ಟು ಹೊತ್ತು ಹುಟ್ಟುವ ಮೊದಲೇ ಎದ್ದು ಹಾಡುತ್ತಿದ್ದ. ಸಾವಿನ ಮನೆಗೆ ಹೊರಟ ಗಿರಾಕಿಗೆ ಜೋಕು ಹೇಳಿದ. ಚಪ್ಪಲಿ ಅಂಗಡಿಯವನನ್ನು ಎಳೆದುಕೊಂಡು ಬೀದಿಯಲ್ಲಿ ಕುಣಿದ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಸಲೂನಿನ ಬಾಗಿಲಿಗೆ ಅಚ್ಚ ಹಳದಿ ಬಣ್ಣ ಬಳಿದಿದ್ದ. ನಗುವ ತಮ್ಮ ಬೇಕು ಎಂದು ಬೇಡಿಕೊಂಡವಳು ನಾನೇ. ಅತಿಯಾದರೆ ಅಮೃತವೂ ವಿಷ ಎಂದು ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಒಂದಿಷ್ಟು ಇಳಿಸಿದರು. ಬಾಗಿಲು ಇನ್ನೂ ಹಳದಿಯಾಗಿಯೇ ಇದೆ, ದೂರದಿಂದ ಗುರುತು ಸಿಗುತ್ತದೆ ಎಂದು ಗಿರಾಕಿಗಳು ಹೊಗಳುತ್ತಾರೆ.

ಅದಾದ ಮೇಲೆ ದಿನಗಳು ಹದಕ್ಕೆ ಬಂದವು. ಪುಟ್ಟು ಬಿಸಿ ಚಹಾ ಕುಡಿದ. ಬ್ರೆಡ್ಡನ್ನು ಮುರಿದು, ದೊಡ್ಡ ಚೂರು ಯಾವುದು ಎಂದು ನೋಡದೆ ಬಾಯಿಗೆ ಹಾಕಿಕೊಂಡ. ಕಾಯಿಲೆ ಪೂರ್ತಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಎಡಗೈ ತಾಗಿದರೆ ಬಲಗೈ ಇನ್ನೂ ಚಡಪಡಿಸುತ್ತದೆ. ಆಗ ಅವನು ಡಾಕ್ಟರಮ್ಮ ಕಲಿಸಿದ ಹಾಗೆ ಸುಮ್ಮನೆ ಕೂತು, ಆ ಚಡಪಡಿಕೆ ಇಳಿಯುವವರೆಗೆ ಕಾಯುತ್ತಾನೆ. ಈಗ ಅದು ಇಳಿಯುತ್ತದೆ.

ಎಲ್ಲ ಸರಿ, ಕತ್ತರಿ ಮಾತ್ರ ಮುಟ್ಟಲೊಲ್ಲ. ಕಸ ಗುಡಿಸುತ್ತಿದ್ದ, ಟವೆಲ್ಲು ಒಗೆಯುತ್ತಿದ್ದ, ಗಿರಾಕಿಗಳ ತಲೆಗೆ ನೀರು ಹಾಕಿ ತೊಳೆಯುತ್ತಿದ್ದ. ಅವನ ಕುರ್ಚಿಯ ಹತ್ತಿರ ಯಾರಾದರೂ ಹೋದರೆ ನನ್ನ ಕಡೆ ತೋರಿಸುತ್ತಿದ್ದ. ಕಾರಣ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕತ್ತರಿ ಹಿಡಿಯದಿರುವವರೆಗೆ ಕೈ ಹೋಗಿದೆ ಎಂದು ತಿಳಿಯುವುದಿಲ್ಲವಲ್ಲ. ನಾನೂ ಅದೇ ಹೆದರಿಕೆಗೆ ಸುಮ್ಮನಿದ್ದೆ. ಆದರೆ ನನ್ನ ತಾಳ್ಮೆಗೂ ಒಂದು ತಳ ಇರಬೇಕೋ ಬೇಡವೋ? ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ತೊಳೆದ ಟವೆಲ್ಲನ್ನೇ ಅವನು ಮತ್ತೆ ತೊಳೆಯಲು ಹೊರಟದ್ದನ್ನು ನೋಡಿ ತಡೆಯಲಾಗಲಿಲ್ಲ. ಹೋಗಿ ಅವನ ಕುರ್ಚಿಯಲ್ಲಿ ಕೂತೆ. ಬಟ್ಟೆಯನ್ನು ನಾನೇ ಕೊರಳಿಗೆ ಸುತ್ತಿಕೊಂಡೆ, ಜಡೆ ಬಿಚ್ಚಿದೆ.

"ಭುಜದವರೆಗೆ ಕತ್ತರಿಸು," ಅಂದೆ. "ಕೈ ಹೋಗಿದ್ರೆ ಹೋಗಿದೆ ಅಂತ ಇವತ್ತೇ ಗೊತ್ತಾಗ್ಲಿ. ಬೇರೆ ಕೆಲಸ ಕಲಿಯೋಣ. ಇಬ್ರೂ ಸೇರಿ ಚಪ್ಪಲಿ ಹೊಲಿಯೋಣ."

ಅವನು ಬಂದು ನನ್ನ ಹಿಂದೆ ನಿಂತ. ಕನ್ನಡಿಯಲ್ಲಿ ಅವನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ, ಕಣ್ಣು ಮುಚ್ಚಿದೆ. ನೀರು ಚಿಮುಕಿಸಿದ. ಬಾಚಣಿಗೆ ನೆತ್ತಿಯಿಂದ ಇಳಿಯಿತು. ಕತ್ತರಿಯ ಮೊದಲ ಸದ್ದು ಕೇಳಿತು. ಆಮೇಲೆ ಎರಡನೆಯದು, ಆಮೇಲೆ ಸಾಲಾಗಿ. ಅವಸರವಿಲ್ಲ, ಎಳೆತವಿಲ್ಲ. ಕೂದಲು ಬೀಳುತ್ತಿದೆ ಎಂದು ಭಾರ ಕಡಿಮೆಯಾದದ್ದರಿಂದ ಗೊತ್ತಾಗಬೇಕು, ಅಷ್ಟು ಹಗುರ. ಈ ಕೈ ಎಲ್ಲಿಗೂ ಹೋಗಿರಲಿಲ್ಲ. ಹುಳಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ, ಹುಳ ಇಷ್ಟು ವರ್ಷ ಇದರ ಅನ್ನ ತಿಂದುಕೊಂಡು ಬಿದ್ದಿತ್ತು ಅಷ್ಟೇ. ಹಾಗೆ ಯೋಚಿಸುತ್ತಾ ಯೋಚಿಸುತ್ತಾ, ನಂಬುತ್ತೀರೋ ಇಲ್ಲವೋ, ನಾನು ತೂಕಡಿಸಿದೆ.

ಕತ್ತರಿ ನಿಂತ ಸದ್ದಿಗೆ ಎಚ್ಚರವಾಯಿತು. ಪುಟ್ಟು ಕನ್ನಡಿಯಲ್ಲಿ ನನ್ನ ತಲೆಯನ್ನೇ ನೋಡುತ್ತಿದ್ದ. ಬಲಗಡೆ ನೋಡಿದ, ಎಡಗಡೆ ನೋಡಿದ, ಮತ್ತೆ ಬಲಗಡೆ. ನನಗೂ ಕಂಡಿತು.

"ಎಡಗಡೆ ಸ್ವಲ್ಪ ಉದ್ದ ಇದೆ ಅಕ್ಕ," ಅಂದ.

ಅವನು ಕತ್ತರಿಯನ್ನು ಮೇಜಿನ ಮೇಲೆ ಇಟ್ಟ.

"ಇರ್ಲಿ. ಹೊಟ್ಟೆ ಚುರುಗುಟ್ತಿದೆ, ಊಟ ಮಾಡೋಣ ಬಾ."

ಕೊರಳಿನ ಬಟ್ಟೆ ಬಿಚ್ಚಿ, ಕೂದಲು ಕೊಡವಿ, ಕೈ ತೊಳೆಯಲು ಹಿಂದಿನ ಕೋಣೆಗೆ ಹೋದ. ಅಲ್ಲಿಂದ, ಇವತ್ತು ಏನು ಅಡುಗೆ ಎಂದು ಕೂಗಿ ಕೇಳಿದ. ನಾನು ಕನ್ನಡಿಯಲ್ಲಿ ನೋಡಿಕೊಂಡೆ, ನಿಜಕ್ಕೂ ಎಡಗಡೆ ಉದ್ದವಿತ್ತು. ನನ್ನ ಈ ಹಾಳು ಕೈ ಅಷ್ಟರಲ್ಲೇ ಕತ್ತರಿಯ ಹತ್ತಿರ ಹೋಗಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡು, ಮನಸಾರೆ ಅತ್ತೆ. ಅಷ್ಟು ಸುಖವಾದ ಅಳು ನನಗೆ ಹಿಂದೆಂದೂ ಬಂದಿರಲಿಲ್ಲ.

ಈಗ ಅವನ ಕುರ್ಚಿಗೆ ಮತ್ತೆ ಸಾಲು ನಿಲ್ಲುತ್ತದೆ. ನನ್ನ ಕೂದಲನ್ನು ನಾನು ಹಾಗೇ ಬಿಟ್ಟಿದ್ದೇನೆ. ನನ್ನ ಹತ್ತಿರ ಬರುವ ಹೆಂಗಸರು ಸುಮ್ಮನಿರುತ್ತಾರೆಯೇ, ಸಲೂನಿನವಳಾಗಿ ನಿನ್ನ ತಲೆಯೇ ಓರೆಯಾಗಿದೆಯಲ್ಲೇ ಎನ್ನುತ್ತಾರೆ. ಮೊನ್ನೆ ಒಬ್ಬಳು ಸರಿಮಾಡಲು ಕೈಯನ್ನೇ ಹಾಕಿದಳು. ನನ್ನ ತಮ್ಮ ಕತ್ತರಿಸಿದ್ದು, ಮುಟ್ಟಿದರೆ ನೋಡು ಎಂದು ಕೈ ತಳ್ಳಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ.